ಎರಡು ಬಟ್ಟಲು ಗಂಜಿ

ಜುಲೈ ೩, ಬುಧವಾರ

ಮೂಡುಬಿದಿರೆಯ ಡಾಕ್ಟರಮ್ಮ ಬರೆಯಿರಿ ಅಂದಿದ್ದಾರೆ. ದಿನಾ ಬೇಡ, ಮನಸ್ಸಾದಾಗ. ಯಾರಿಗೂ ತೋರಿಸ್ಲಿಕ್ಕಿಲ್ಲ, ನನಗೂ ತೋರಿಸಬೇಡಿ ಅಂದರು. ತೋರಿಸ್ಲಿಕ್ಕೆ ಇಲ್ಲದ್ದನ್ನು ಬರೆಯುವುದು ಯಾಕೆ ಅಂತ ಕೇಳಿದೆ. ನಕ್ಕರು. ಅವರು ನಗುವುದು ಚಂದ, ಅದಕ್ಕೇ ಬರೆಯುತ್ತಿದ್ದೇನೆ.

ಎಂತ ಬರೆಯುವುದು? ಹೆಸರು ವಾರಿಜಾ. ಮಡಂತ್ಯಾರಿನಿಂದ ಸ್ವಲ್ಪ ಒಳಗೆ, ಸರಕಾರ ಜಾಗ ಕೊಟ್ಟ ಐದು ಸೆಂಟ್ಸ್ ಕಾಲೊನಿಯಲ್ಲಿ ತಮ್ಮನ ಮನೆ. ತಮ್ಮ ದಯಾನಂದ ರಿಕ್ಷಾ ಓಡಿಸುತ್ತಾನೆ. ಅವನ ಹೆಂಡತಿ ಶಶಿಕಲಾ, ನಮ್ಮ ಅಮ್ಮ, ಮತ್ತೆ ನಾನು. ನಾನು ಬೀಡಿ ಕಟ್ಟುತ್ತೇನೆ, ಬಾಕಿ ಹೊತ್ತು ಹುಚ್ಚಿ. ಹಾಗೆ ಹೇಳಬಾರದು ಅಂತ ಡಾಕ್ಟರಮ್ಮ ಬೈಯುತ್ತಾರೆ. ಕಾಯಿಲೆಗೆ ಒಂದು ಉದ್ದದ ಹೆಸರು ಉಂಟು, ಚೀಟಿಯಲ್ಲಿ ಬರೆದಿದ್ದಾರೆ. ಅದನ್ನು ಹೇಳಿದರೆ ಕಾಲೊನಿಯಲ್ಲಿ ಯಾರಿಗೂ ತಲೆಗೆ ಹೋಗುವುದಿಲ್ಲ. ಹುಚ್ಚಿ ಅಂದರೆ ಕೂಡಲೇ ಹೋಗುತ್ತದೆ.

ಸ್ವರ ಇವತ್ತೂ ಬಂತು. ಬೀಡಿ ಎಲೆ ಕತ್ತರಿಸುವಾಗ, ಬಲ ಕಿವಿಯ ಹಿಂದಿನಿಂದ. "ಎಲ್ಲಿ ಬಿಟ್ಟಿ?" ಅಷ್ಟೇ. ಹತ್ತೊಂಬತ್ತರ ಪ್ರಾಯದಲ್ಲಿ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಲಿಯುತ್ತಾ ಕೂತಿದ್ದಾಗ ಮೊದಲು ಕೇಳಿದ್ದು. ಅವತ್ತಿನಿಂದ ಇದೊಂದೇ ಪ್ರಶ್ನೆ. ಬೇರೆ ಎಂತಾದರೂ ಕೇಳಬಾರದಾ ಮಾರಾಯ್ತಿ, ಊಟ ಆಯ್ತಾ ಅಂತ ಆದರೂ.

ಜುಲೈ ೭, ಆದಿತ್ಯವಾರ

ದಯಾನಂದ ಬೆಳ್ತಂಗಡಿಯ ಹತ್ತಿರ ಯಾರೋ ಕವಡೆ ಇಟ್ಟು ಪ್ರಶ್ನೆ ನೋಡುವವರಲ್ಲಿಗೆ ಹೋಗಿ ಬಂದ. ನನ್ನ ವಿಷಯ ಕೇಳ್ಲಿಕ್ಕೆ. ನನ್ನ ವಿಷಯ ನನ್ನನ್ನು ಬಿಟ್ಟು ಬೇರೆ ಎಲ್ಲರ ಹತ್ತಿರವೂ ಕೇಳುತ್ತಾನೆ, ಪಾಪ.

ಅವರು ಹೇಳಿದ್ದಂತೆ: ಈ ಮನೆಯಲ್ಲಿ ಚಿಕ್ಕ ಪ್ರಾಯದಲ್ಲಿ ತೀರಿಹೋದ ಹೆಣ್ಣೊಂದು ಉಂಟು. ಅದಕ್ಕೆ ಮದುವೆಯ ಪ್ರಾಯ ದಾಟಿದೆ. ಅದೇ ಅಕ್ಕನ ಕಿವಿಯಲ್ಲಿ ಕೂತು ಕೇಳುವುದು. ಮದುವೆ ಮಾಡಿಸಿ ಕಳಿಸಿಕೊಟ್ಟರೆ ಅಕ್ಕ ಸರಿಯಾಗುತ್ತಾಳೆ.

ಸತ್ತ ಮಕ್ಕಳು ಆ ಕಡೆ ಬೆಳೆಯುತ್ತಾ ಇರುತ್ತಾರೆ ಅಂತ ನಮ್ಮಲ್ಲಿ ನಂಬಿಕೆ. ಪ್ರಾಯಕ್ಕೆ ಬಂದರೆ ಅವರಿಗೂ ಮದುವೆ ಆಗಬೇಕು. ಇನ್ನೊಂದು ಮನೆಯಲ್ಲಿ ಹಾಗೆಯೇ ತೀರಿಹೋದ ಗಂಡು ಹುಡುಕಿ, ಆಟಿ ತಿಂಗಳಲ್ಲಿ ಧಾರೆ ಎರೆದು ಕೊಡುತ್ತಾರೆ.

ತಮ್ಮ ಇದನ್ನು ಹೇಳುವಾಗ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ನಿಲ್ಲಿಸಿದಳು. ಆಮೇಲೆ ಚಿಪ್ಪಿನಲ್ಲಿ ಎಂತದೂ ಇಲ್ಲದಿದ್ದರೂ ತುರಿದಳು.

ದಯಾನಂದ ಹುಟ್ಟುವ ಮೊದಲೇ ನನ್ನ ತಂಗಿ, ಚಿಕ್ಕವಳು, ಹೋಗಿ ಆಗಿತ್ತು. ಅಪ್ಪ ತುಕ್ರಪ್ಪ ತೀರಿಕೊಂಡು ಸುಮಾರು ವರ್ಷ ಆಯಿತು. ಅವಳನ್ನು ಕಣ್ಣಾರೆ ಕಂಡವರು ಈಗ ಅಮ್ಮ ಮತ್ತು ನಾನು, ಇಬ್ಬರೇ. ನಾವಿಬ್ಬರೂ ಅವಳ ಹೆಸರು ಎತ್ತುವುದಿಲ್ಲ.

ಸ್ವರ ಚಿಕ್ಕವಳದ್ದಲ್ಲ. ನನಗೆ ಗೊತ್ತುಂಟು. ಹೇಳ್ಲಿಲ್ಲ.

ಜುಲೈ ೧೨, ಶುಕ್ರವಾರ

ನಮ್ಮ ಜಗಲಿಯಲ್ಲಿ ಬೀಡಿ ಕಟ್ಟಲು ಪಕ್ಕದ ಮನೆಯ ಬೀಯಮ್ಮ ಬರುತ್ತಾರೆ. ನನ್ನ ಎದುರು ಗೆರಸೆ ಇಟ್ಟು ಕೂತುಕೊಳ್ಳಲು ಹೆದರದವರು ಅವರೊಬ್ಬರೇ. ಮದುವೆಯ ಸುದ್ದಿ ಕೇಳಿ ಹೊಗೆಸೊಪ್ಪಿನ ಕೈಯನ್ನೇ ಗಲ್ಲಕ್ಕೆ ಇಟ್ಟರು.

"ನಮ್ಮಲ್ಲಿ ಸತ್ತ ಮಕ್ಕಳು ಸ್ವರ್ಗದಲ್ಲಿ ಆಡ್ತಾ ಇರ್ತಾರೆ ವಾರಿಜಾ. ನೀವು ಅಲ್ಲಿಯೂ ಬಿಡುವುದಿಲ್ಲ ಅಲ್ವಾ, ಗಂಡನ ಮನೆಗೆ ಅಟ್ಟುತ್ತೀರಿ!"

"ಅಲ್ಲಿ ಅತ್ತೆಯ ಕಾಟ ಉಂಟೋ ಏನೋ ಬೀಯಮ್ಮ."

"ಅತ್ತೆ ಬದುಕಿದ್ದರೆ ಇಲ್ಲ," ಅಂದರು. ಇಬ್ಬರೂ ನಕ್ಕೆವು. ಒಳಗೆ ಅಮ್ಮ ಪಾತ್ರೆ ಜೋರಾಗಿ ಇಟ್ಟಳು. ನಾನು ನಗುವುದು ಸಾಕು ಅಂತ.

ಜುಲೈ ೧೮, ಗುರುವಾರ

ನಿನ್ನೆ ಆಟಿ ಶುರು. ಗಂಡು ಸಿಕ್ಕಿತು. ಮಿಜಾರಿನ ಕಡೆಯವ, ಎರಡು ವರ್ಷದ ಮಗುವಾಗಿದ್ದಾಗ ಜ್ವರದಲ್ಲಿ ಹೋದದ್ದಂತೆ. ಈಗ ನಲವತ್ತು. ಅವನ ಅಣ್ಣ ಶೇಷಪ್ಪ ಬಂದು ಮಾತಾಡಿ, ಅವಲಕ್ಕಿ ತಿಂದು ಹೋದರು. ಗಂಡಿನ ಸಂಬಳ ಕೇಳ್ಲಿಕ್ಕಿಲ್ಲ, ಕುಡಿಯುತ್ತಾನಾ ಅಂತ ವಿಚಾರಿಸ್ಲಿಕ್ಕಿಲ್ಲ. ನನಗೆ ಒಂದು ಕಾಲದಲ್ಲಿ ಇಷ್ಟು ಸುಲಭದಲ್ಲಿ ನೋಡಿದ್ದರೆ!

ಆದರೆ ಒಂದು ವಿಷಯ. ಆ ಮದುವೆಯನ್ನು ಮದುವೆಯಾಗದವರು ನೋಡಬಾರದು. ನೋಡಿದರೆ ಅವರಿಗೆ ಮದುವೆ ಕೂಡಿ ಬರುವುದಿಲ್ಲವಂತೆ. ದಯಾನಂದ ನೆಲ ನೋಡುತ್ತಾ ಹೇಳಿದ, "ಅಕ್ಕ, ಅವತ್ತು ನೀನು ಹಿಂದಿನ ಅಡಿಗೆ ಕೋಣೆಯಲ್ಲಿ ಇರು ಆಯ್ತಾ. ಸ್ವಲ್ಪ ಹೊತ್ತು. ಹೊರಗಿನಿಂದ ಚಿಲಕ ಹಾಕ್ತೇನೆ, ಬೇಜಾರು ಮಾಡ್ಬೇಡ."

ನನಗೆ ನಲವತ್ತೆರಡು. ಇನ್ನು ಯಾವ ಮದುವೆ ಕೆಡ್ಲಿಕ್ಕುಂಟು? ಅವನಿಗೆ ಹೆದರಿಕೆ ಅದಲ್ಲ. ಮಿಜಾರಿನವರ ಎದುರು ನಾನು ಎಂತಾದರೂ ಮಾಡಿಬಿಟ್ಟರೆ ಅಂತ.

ನನ್ನ ತಂಗಿಯ ಮದುವೆ. ನಾನು ಚಿಲಕದ ಒಳಗೆ. ಸಿಟ್ಟು ಬಂದು ಕಟ್ಟಿದ ಬೀಡಿಯನ್ನೆಲ್ಲ ಬಿಚ್ಚಿ ಹಾಕಿದೆ. ಆಮೇಲೆ ಪುನಃ ಕಟ್ಟಿದ್ದು ನಾನೇ.

ಜುಲೈ ೨೦, ಶನಿವಾರ

ಬರೆದು ಬಿಡುತ್ತೇನೆ.

ಆಗ ನಾವು ಬಂಟ್ವಾಳ ಪೇಟೆಯ ಕೆಳಗೆ ಹೊಳೆ ಬದಿಯ ಬಾಡಿಗೆ ಮನೆಯಲ್ಲಿದ್ದೆವು. ನೆರೆ ಬಂದರೆ ಮೆಟ್ಟಿಲ ತನಕ ಬರುವುದು ವಾಡಿಕೆ. ಆ ವರ್ಷ ಮನೆಯೊಳಗೇ ಬಂತು. ಎಲ್ಲರನ್ನೂ ಎತ್ತರದಲ್ಲಿದ್ದ ಶಾಲೆಗೆ ಕಳಿಸಿದರು. ಶಾಲೆಯಲ್ಲಿ ಗಂಜಿ ಕೇಂದ್ರ. ನನಗೆ ಎಂಟು, ಅವಳಿಗೆ ನಾಲ್ಕು. ಅಪ್ಪ ಅಮ್ಮ ಅಕ್ಕಿ ಮುಡಿ ತರ್ಲಿಕ್ಕೆ ವಾಪಸು ಹೋದರು. ಹೋಗುವಾಗ ಅಮ್ಮ ಹೇಳಿದಳು, "ತಂಗಿಯನ್ನು ನೋಡಿಕೋ. ಗಂಟೆ ಹೊಡೆದರೆ ಹೋಗಿ ಗಂಜಿ ತಾ, ತಡ ಮಾಡಿದರೆ ಮುಗಿದು ಹೋಗ್ತದೆ."

ಗಂಟೆ ಹೊಡೆಯಿತು. ಅವಳಿಗೆ ಸಾಲಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ಎಲ್ಲರೂ ನೂಕುತ್ತಿದ್ದರು. ಜಗಲಿಯ ಕಂಬದ ಹತ್ತಿರ ಕೂರಿಸಿ, ಇಲ್ಲೇ ಕೂತುಕೋ, ಗಂಜಿ ತರ್ತೇನೆ ಅಂದೆ. ಹಳದಿ ಫ್ರಾಕು, ಬೆನ್ನಿನ ಒಂದು ಬಟನು ಇರಲಿಲ್ಲ. ತಲೆ ಅಲ್ಲಾಡಿಸಿದಳು.

ಎರಡು ಬಟ್ಟಲು ಹಿಡಿದು ಚೆಲ್ಲದ ಹಾಗೆ ನಿಧಾನ ನಡೆದು ಬಂದೆ. ಕಂಬ ಉಂಟು, ಅವಳಿಲ್ಲ.

ಅಮ್ಮ ಬಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿ ಕೇಳಿದಳು. "ಎಲ್ಲಿ ಬಿಟ್ಟಿ?" ಹೊಳೆಯ ಸದ್ದಿಗೆ ಕೂಗಿ ಕೂಗಿ ಸ್ವರ ಒಡೆದು ಹೋಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಓಡಿದಳು. ಅಪ್ಪ ನನ್ನನ್ನು ಎತ್ತಿ ಬಟ್ಟಲುಗಳ ಸಮೇತ ಒಂದನೇ ಕ್ಲಾಸಿನ ಕೋಣೆಯೊಳಗೆ ಹಾಕಿ ಚಿಲಕ ಹಾಕಿದರು. ಇವಳೂ ನೀರಿಗೆ ಹೋಗಬಾರದು ಅಂತ ಇರಬೇಕು. ಬೆಳಗಾಗುವ ತನಕ ಯಾರೂ ತೆಗೆಯಲಿಲ್ಲ. ನನಗೆ ಹಸಿವಾಗಿ ಒಂದು ಬಟ್ಟಲು ಗಂಜಿ ತಿಂದೆ. ಇನ್ನೊಂದನ್ನು ಮುಟ್ಟಲಿಲ್ಲ. ಅದು ಹುಳಿ ಬಂತು.

ಅವಳು ಸಿಕ್ಕಿದ್ದನ್ನು ನನಗೆ ತೋರಿಸಲಿಲ್ಲ. ಸುಟ್ಟದ್ದಾ ಹುಗಿದದ್ದಾ, ಅದೂ ಗೊತ್ತಿಲ್ಲ. ಅಮ್ಮ ಮತ್ತೆ ಆ ಪ್ರಶ್ನೆ ಕೇಳಲೇ ಇಲ್ಲ. ಉತ್ತರವೂ ಕೇಳಲಿಲ್ಲ.

ಕಿವಿಯ ಹಿಂದಿನ ಸ್ವರ ಅಮ್ಮನದ್ದು. ಈಗಿನ ಅಮ್ಮನದ್ದಲ್ಲ, ಆಗಿನವಳದ್ದು. ಇದನ್ನು ಡಾಕ್ಟರಮ್ಮನಿಗೂ ಹೇಳಿಲ್ಲ. ದಿನಾ ಅನ್ನ ಬಡಿಸುವವಳ ಮೇಲೆ ಹೇಗೆ ಹೇಳುವುದು?

ಜುಲೈ ೨೩, ಮಂಗಳವಾರ

ಒಂದು ಯೋಚನೆ ಬಂತು. ಪ್ರಶ್ನೆಯವರು ಹೇಳಿದ್ದೇ ನಿಜ ಆಗಿದ್ದರೆ? ಅವಳು ಬರ್ಲಿಕ್ಕೆ ನೋಡ್ತಾ ಇದ್ದು, ಡಾಕ್ಟರಮ್ಮನ ಮಾತ್ರೆಯೇ ಅವಳ ಬಾಯಿ ಮುಚ್ಚಿಸಿದ್ದರೆ? ಮದುವೆಯಾಗಿ ಮಿಜಾರಿಗೆ ಹೋಗಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಒಂದು ಸಲ ಅವಳ ಸ್ವರ ಕೇಳಬೇಕು ನನಗೆ. ಒಂದೇ ಸಲ ಸಾಕು.

ಇವತ್ತಿನಿಂದ ಮಾತ್ರೆ ಬಾಯಿಗಲ್ಲ, ಅಕ್ಕಿ ಡಬ್ಬದ ಅಡಿಗೆ.

ಜುಲೈ ೨೭

ನಿದ್ರೆ ಇಲ್ಲ. ನಲ್ಲಿ ಸುಮ್ಮನಿರುವುದಿಲ್ಲ. ಟಿ.ವಿ.ಯಲ್ಲಿ ವಾರ್ತೆ ಓದುವವನಿಗೆ ನನ್ನ ಹೆಸರು ಗೊತ್ತುಂಟು, ಹೇಳದೆ ನಗುತ್ತಾನೆ. ಎಲ್ಲಿ ಬಿಟ್ಟಿ ಎಲ್ಲಿ ಬಿಟ್ಟಿ ಎಲ್ಲಿ ಬಿಟ್ಟಿ. ಅವಳು ಬರ್ಲಿಲ್ಲ. ಕಂಬದ ಹತ್ತಿರ ಇರಬಹುದು. ಇಲ್ಲೇ ಕೂತುಕೋ ಅಂದಿದ್ದೆನಲ್ಲ.

ಆಗಸ್ಟ್ ೨, ಶುಕ್ರವಾರ

ಅಕ್ಷರ ಕೋಳಿ ಕೆದಕಿದ ಹಾಗೆ ಬರ್ತದೆ.

ಮಂಗಳವಾರ ಬಂಟ್ವಾಳದಲ್ಲಿ ನೆರೆ. ವಾರ್ತೆಯಲ್ಲಿ ತೋರಿಸಿದರು. ಬಸ್ಸು ಹತ್ತಿ ಹೋದೆನಂತೆ. ಶಾಲೆ ಈಗ ಬೇರೆ ಬಣ್ಣ, ಜಗಲಿಗೆ ಟೈಲ್ಸು, ಕಂಬ ಮಾತ್ರ ಅದೇ. ಅಲ್ಲಿ ಕೂತೆ. ಯಾರೋ ಹೆಂಗಸು, ನಾನು ನೆರೆಗೆ ಮನೆ ಬಿಟ್ಟು ಬಂದವಳು ಅಂತ ತಿಳಿದು ಕೈಗೆ ಅನ್ನ ಸಾಂಬಾರು ಕೊಟ್ಟರು. ಈಗ ಗಂಜಿ ಕೊಡುವುದಿಲ್ಲ, ಹೆಸರು ಮಾತ್ರ ಗಂಜಿ ಕೇಂದ್ರ. ಕತ್ತಲಾಗುವ ತನಕ ಕಾದೆ. ಅಷ್ಟು ಹೊತ್ತೂ ಕೇಳಿದ್ದು ಆ ಒಡೆದ ಸ್ವರವೇ. ಚಿಕ್ಕವಳು ಒಂದು ಶಬ್ದ ಮಾತಾಡಲಿಲ್ಲ. ಅವಳು ಎಲ್ಲಿಯೂ ಇಲ್ಲ, ನನ್ನ ಕಿವಿಯಲ್ಲಿಯೂ ಇಲ್ಲ.

ದಯಾನಂದ ರಿಕ್ಷಾದಲ್ಲಿ ಹುಡುಕಿಕೊಂಡು ಬಂದ. ಬೈಯಲಿಲ್ಲ. ದಾರಿಯುದ್ದಕ್ಕೂ ಮೂಗು ಒರೆಸುತ್ತಿದ್ದ. ಮರುದಿನ ಮೂಡುಬಿದಿರೆ, ಇಂಜೆಕ್ಷನ್ನು, ಪುನಃ ಮಾತ್ರೆ. ಈಗ ಮಾತ್ರೆ ಅಮ್ಮನ ಸೆರಗಿನ ಗಂಟಿನಲ್ಲಿ. ತಾನೇ ಬಾಯಿಗೆ ಹಾಕಿ, ನಾಲಿಗೆ ಎತ್ತಿಸಿ ನೋಡುತ್ತಾಳೆ, ದನಕ್ಕೆ ಔಷಧಿ ಕುಡಿಸಿದ ಹಾಗೆ. ಎಂತ ಆಯ್ತು ಅಂತ ಕೇಳುವುದಿಲ್ಲ.

ಹೊರಗೆ ತಮ್ಮ ಹೆಂಡತಿಗೆ ಹೇಳುವುದು ಕೇಳಿತು: ಮದುವೆಯ ದಿನ ಚಿಲಕ ಸರಿ ಉಂಟಾ ನೋಡಬೇಕು.

ಆಗಸ್ಟ್ ೪, ಆದಿತ್ಯವಾರ

ಆಟಿ ಅಮಾವಾಸ್ಯೆ. ಬೆಳಿಗ್ಗೆ ಪಾಲೆ ಮರದ ಕಷಾಯ. ಕಹಿ ಅಂದರೆ ಕಹಿ. ದಯಾನಂದ ಮುಖ ಸೊಟ್ಟ ಮಾಡಿ ಕುಡಿದ. ನಾನು ಗಟಗಟ ಕುಡಿದೆ. ನನ್ನ ಮಾತ್ರೆಗಳ ಎದುರು ಇದು ಪಾಯಸ.

ಶಶಿಕಲಾ ಮದುಮಗಳ ಸೀರೆ ತರ್ಲಿಕ್ಕೆ ಹೊರಟವಳು ಬಾಗಿಲಿನಿಂದ ತಿರುಗಿ ಬಂದಳು. "ಅಕ್ಕ, ಅವರಿಗೆ ಯಾವ ಬಣ್ಣ ಒಪ್ಪಬಹುದು? ನಾನು ಕಂಡವಳಲ್ಲ."

ಯಾರೂ ನನ್ನ ಹತ್ತಿರ ಅವಳ ವಿಷಯ ಕೇಳಿದ್ದಿಲ್ಲ. ಬೆಳ್ಳಗಿದ್ದಳು, ಹಸಿರು ಒಪ್ಪುತ್ತಿತ್ತು ಅಂದೆ. ಎಡಗೈಯಲ್ಲಿ ತಿನ್ನುತ್ತಿದ್ದಳು, ಬೈದರೂ ಬಿಡುತ್ತಿರಲಿಲ್ಲ ಅಂದೆ. ಕೋಳಿ ಅಂದರೆ ಹೆದರಿಕೆ, ಗಂಜಿ ಮತ್ತು ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಇದ್ದರೆ ಬೇರೆ ಎಂತದೂ ಬೇಡ ಅಂದೆ. ಶಶಿಕಲಾ ಚಪ್ಪಲಿ ಹಾಕಿದ ಕಾಲಲ್ಲೇ ಕೂತು ಕೇಳಿದಳು. ಬಸ್ಸು ತಪ್ಪಿತು.

ಅವಳ ಹೆಸರು ಹೇಮಾವತಿ. ಹೇಮು.

ಆಗಸ್ಟ್ ೧೨, ಸೋಮವಾರ

ನಿನ್ನೆ ಹೇಮುವಿನ ಮದುವೆ ಆಯಿತು.

ಮಿಜಾರಿನವರು ಓಮ್ನಿಯಲ್ಲಿ ಬಂದರು. ಅವರು ಬರುವ ಮೊದಲೇ ದಯಾನಂದ ನನ್ನನ್ನು ಹಿಂದಿನ ಅಡಿಗೆ ಕೋಣೆಗೆ ಬಿಟ್ಟ. ಫ್ಯಾನ್ ಇಲ್ಲ ಅಂತ ಬೀಸಣಿಗೆ ಕೊಟ್ಟ, ಒಂದು ಬಾಟಲಿ ನೀರು ಇಟ್ಟ. ಚಿಲಕ ಹಾಕುವಾಗ ಸದ್ದಾಗದ ಹಾಗೆ ಹಾಕಿದ. ಆದರೂ ಕೇಳಿತು. ಆ ಸದ್ದು ನನಗೆ ಕೇಳದೆ ಇರುವುದುಂಟಾ?

ಬೆವರಿ ಒದ್ದೆಯಾದೆ. ಗೋಡೆ ಹಿಡಿದು ನಿಂತೆ. ಒಂದನೇ ಕ್ಲಾಸಿನ ಕೋಣೆಯಲ್ಲಿ ಕಿಟಕಿ ಎತ್ತರದಲ್ಲಿತ್ತು. ಇಲ್ಲಿಯ ಕಿಟಕಿಯಿಂದ ಬೀಯಮ್ಮನ ಮನೆಯ ಬಟ್ಟೆ ಹಗ್ಗ ಕಾಣುತ್ತದೆ. ಅದನ್ನೇ ನೋಡಿದೆ. ಆಚೆ ಕೋಣೆಯಲ್ಲಿ ಬಡಿಸುವ ಮಾತು: ಮದುಮಗಳಿಗೆ ಕೋಳಿ ಗಸಿ, ಪುಂಡಿ, ಪಾಯಸ. ನಾಲ್ಕು ವರ್ಷದ ಮಗುವಿಗೆ ಕೋಳಿ ಗಸಿ! ಅದೂ ಕೋಳಿಗೆ ಹೆದರುವವಳಿಗೆ!

ಒಲೆ ಉಂಟು, ಅಕ್ಕಿ ಉಂಟು. ಬೆಂಕಿ ಮಾಡಿದೆ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ನನಗೆ ಬೇರೆ ಕೆಲಸ ಎಂತ ಉಂಟು? ಬೆಂದ ಮೇಲೆ ಎರಡು ಬಟ್ಟಲಿಗೆ ಹಾಕಿದೆ. ಭರಣಿಯಿಂದ ಮಾವಿನಕಾಯಿ ತೆಗೆದು ಎರಡಕ್ಕೂ ಒಂದೊಂದು ಹೋಳು.

ಅಷ್ಟರಲ್ಲಿ ಚಿಲಕ ತೆಗೆದು ಅಮ್ಮ ಬಂದಳು, ಸಂಜೆಯ ಮಾತ್ರೆ ಕೊಡಲು. ಎದುರು ಮದುವೆ ನಡೆಯುತ್ತಿದ್ದರೂ ಮಾತ್ರೆ ಮರೆಯಲಿಲ್ಲ.

"ಎರಡು ಬಟ್ಟಲು ಯಾಕೆ?"

"ಒಂದು ಹೇಮುವಿಗೆ. ತರ್ತೇನೆ ಅಂತ ಹೇಳಿ ಹೋಗಿದ್ದೆ."

"ಎಲ್ಲಿಗೆ ಹೋಗಿದ್ದಿ?"

"ಗಂಜಿಯ ಸಾಲಿಗೆ. ಗಂಟೆ ಹೊಡೆಯಿತಲ್ಲ. ಎರಡು ಬಟ್ಟಲು ಹಿಡ್ಕೊಂಡು ಬಂದೆ. ಅವಳಿರ್ಲಿಲ್ಲ."

ಅಮ್ಮನ ಕೈಯಲ್ಲಿ ಮಾತ್ರೆ ಹಾಗೆಯೇ ಇತ್ತು. "ನೀನು ಆಟಕ್ಕೆ ಹೋದದ್ದಲ್ವಾ? ಮಕ್ಕಳ ಒಟ್ಟಿಗೆ ಆಟಕ್ಕೆ ಹೋದದ್ದು ಅಂತ ಅಪ್ಪ ಹೇಳಿದರು. ಎಲ್ಲರೂ ಹಾಗೇ ಹೇಳಿದರು."

"ನನ್ನ ಹತ್ತಿರ ಯಾರೂ ಕೇಳ್ಲಿಲ್ಲ ಅಮ್ಮ."

ಅಮ್ಮ ಮಣೆಯೂ ಇಲ್ಲದೆ ನೆಲದಲ್ಲಿ ಕೂತುಬಿಟ್ಟಳು. ಆಮೇಲೆ ತನ್ನಷ್ಟಕ್ಕೇ ಅಂದಳು, "ಗಂಟೆ ಹೊಡೆದರೆ ಹೋಗಿ ತಾ ಅಂತ ನಾನೇ ಹೇಳಿದ್ದು. ಅಯ್ಯೋ ದೇವರೇ. ನಾನೇ ಹೇಳಿದ್ದಲ್ಲವಾ."

ಎದ್ದಳು. ಮಾತ್ರೆ ಬಾಯಿಗೆ ಹಾಕಿದಳು, ನಾಲಿಗೆ ಎತ್ತಿಸಿ ನೋಡಲಿಲ್ಲ. ಒಂದು ಬಟ್ಟಲು ನನ್ನ ಕೈಗೆ ಕೊಟ್ಟಳು, ಇನ್ನೊಂದು ಅವಳೇ ಹಿಡಿದಳು. "ಬಾ," ಅಂದಳು.

ಎದುರು ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ದಯಾನಂದ ಬೆಳ್ಳಗಾದ. ಶೇಷಪ್ಪ ಎದ್ದು ನಿಂತು ಅಮ್ಮನಿಗೆ ಹೇಳಿದರು. "ಸುಂದರಕ್ಕ, ಮದುವೆ ಆಗದವರು ನೋಡ್ಲಿಕ್ಕಿಲ್ಲ ಅಂತ ನಿಮಗೆ ಗೊತ್ತುಂಟಲ್ಲ."

"ಅವಳು ನೋಡ್ಲಿಕ್ಕೆ ಬಂದದ್ದಲ್ಲ ಶೇಷಪ್ಪಣ್ಣ. ತಂಗಿಗೆ ಬಡಿಸ್ಲಿಕ್ಕೆ ಬಂದದ್ದು."

ಶೇಷಪ್ಪ ತಲೆ ಕೆರೆದರು. ಬಡಿಸಬಾರದು ಅಂತ ಯಾವ ಹಿರಿಯರೂ ಹೇಳಿದ್ದಿಲ್ಲ ಅಂತ ಕಾಣುತ್ತದೆ. "ಹಾಗಾದರೆ ಅಡ್ಡಿಯಿಲ್ಲ," ಅಂತ ಕೂತರು.

ಎರಡು ಕುರ್ಚಿ. ಒಂದರಲ್ಲಿ ಪಂಚೆ, ಶಾಲು. ಇನ್ನೊಂದರಲ್ಲಿ ಹಸಿರು ಸೀರೆ, ಮಲ್ಲಿಗೆ, ಬಳೆ, ಕರಿಮಣಿ. ಶಶಿಕಲಾ ಹಸಿರೇ ತಂದಿದ್ದಳು. ಎದುರು ಬಾಳೆಲೆ. ನಾನು ಎಲೆಯ ಎಡಬದಿಗೆ ಬಟ್ಟಲು ಇಟ್ಟೆ, ಅವಳು ಎಡಗೈಯವಳಲ್ಲವಾ. "ಹೇಮೂ, ಗಂಜಿ ತಂದಿದ್ದೇನೆ," ಅಂದೆ. ಅಷ್ಟು ಹೇಳಿದ್ದೇ ಅಳು ಬಂತು. ಬೊಬ್ಬೆ ಹೊಡೆದೇ ಅತ್ತೆ. ಅಮ್ಮನೂ ಅತ್ತಳು. ಮದುಮಗಳ ಕಡೆಯವರು ಅಳುವುದು ಎಲ್ಲಾ ಮದುವೆಯಲ್ಲಿಯೂ ಉಂಟು, ಹಾಗಾಗಿ ಯಾರೂ ಹುಚ್ಚಿ ಅನ್ನಲಿಲ್ಲ.

ಕತ್ತಲಾಗುವ ಮೊದಲು ಸೀರೆ, ಬಳೆ ಎಲ್ಲ ಕಟ್ಟಿಕೊಂಡು ದಿಬ್ಬಣ ಹೊರಟಿತು. ಹೇಮು ಓಮ್ನಿಯಲ್ಲಿ ಮಿಜಾರಿಗೆ ಹೋದಳು. ನಾನು ಗೇಟಿನ ತನಕ ಹೋಗಿ ಕೈ ಬೀಸಿದೆ.

ಇನ್ನೊಂದು ಬಟ್ಟಲನ್ನು ಅಮ್ಮ ಮತ್ತು ನಾನು ಹಂಚಿ ತಿಂದೆವು. ಉಪ್ಪು ಹಾಕಲು ಮರೆತಿದ್ದೆ.

ಆಗಸ್ಟ್ ೨೮, ಬುಧವಾರ

ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆವು. ಬರೆಯುತ್ತಾ ಇದ್ದೀರಾ ಅಂತ ಕೇಳಿದರು. ಎಲ್ಲಿ, ಬೀಡಿಯೇ ಮುಗಿಯುವುದಿಲ್ಲ, ಪುರುಸೊತ್ತಿಲ್ಲ ಅಂದೆ. ಮಾತ್ರೆ ಅಷ್ಟೇ ಇರಲಿ ಅಂದರು. ದಯಾನಂದ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಪ್ರಶ್ನೆಯವರ ವಿಳಾಸ ಕೊಡುತ್ತಿದ್ದಾನಂತೆ. ಕೊಡಲಿ. ಬೀಯಮ್ಮ ಮಾತ್ರ, ಹೊಸ ಅಳಿಯ ಆಟಿ ಮುಗಿದರೂ ಅತ್ತೆ ಮನೆಗೆ ಬರ್ಲಿಲ್ಲವಲ್ಲ, ಎಂತ ಮರ್ಯಾದೆ ಇಲ್ಲದವ ಅಂತ ದಿನಾ ಬೈಯುತ್ತಾರೆ. ಈಗ ಅಮ್ಮನೂ ನಗುತ್ತಾಳೆ.

ಸಂಜೆ ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದೆವು, ಅಮ್ಮ ಮತ್ತು ನಾನು. ಸ್ವರ ಬಂತು. ನನ್ನ ಕತ್ತರಿ ನಿಂತಿತು. ಅಮ್ಮ ನೋಡಿದಳು.

"ಬಂತಾ?"

"ಹ್ಞಾ."

"ಎಂತ ಹೇಳ್ತದೆ ಅದು?"

ಇಷ್ಟು ವರ್ಷದಲ್ಲಿ ಕೇಳಿದ್ದು ಇದೇ ಮೊದಲು. ಹೇಳುವುದಾ ಬೇಡವಾ ಅಂತ ನೋಡಿದೆ. ಯಾರ ಸ್ವರ ಅಂತ ಹೇಳಲಿಲ್ಲ, ಇನ್ನು ಹೇಳುವುದೂ ಇಲ್ಲ. "ಎಲ್ಲಿ ಬಿಟ್ಟಿ ಅಂತ ಕೇಳ್ತದೆ," ಅಂದೆ.

ಅಮ್ಮ ಗೆರಸೆ ಕೆಳಗಿಟ್ಟಳು. ನನ್ನ ಬಲ ಕಿವಿಯ ಹಿಂದೆ, ಕಿವುಡಿಗೆ ಹೇಳುವ ಹಾಗೆ ಜೋರಾಗಿ ಹೇಳಿದಳು:

"ಅವಳು ಎಲ್ಲಿಯೂ ಬಿಡ್ಲಿಲ್ಲ. ಗಂಜಿ ತರ್ಲಿಕ್ಕೆ ಹೋಗಿದ್ದಳು. ನಾನೇ ಕಳಿಸಿದ್ದು."

ಮತ್ತೆ ಗೆರಸೆ ಮಡಿಲಿಗೆ ಎಳೆದುಕೊಂಡು, ಕತ್ತರಿ ಇತ್ತ ಕೊಡು ಅಂದಳು. ಕೊಟ್ಟೆ.